ಬಿಪಿ ಏರುವುದು ಟೆನ್ಷನ್‌ನಿಂದಲೇ?

ಪ್ರಶ್ನೆ: ಕ್ಲಿನಿಕ್‌ನಲ್ಲಿ ನೋಡಿದಾಗಲೆಲ್ಲ ಬಿಪಿ 150/95. ಮನೆಯ ಯಂತ್ರದಲ್ಲಿ 125/80ರ ಆಸುಪಾಸು. ‘ಬರೀ ಟೆನ್ಷನ್’ ಎನ್ನುತ್ತಾರೆ ಎಲ್ಲರೂ. ಸುಮ್ಮನಿದ್ದುಬಿಡಲೇ?

ಉತ್ತರ: ಟೆನ್ಷನ್ ಇರಬಹುದು, ಸುಮ್ಮನಿರುವಂತಿಲ್ಲ. ಗಾಬರಿಯಾದಾಗ ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಕ್ಷಣಮಾತ್ರದಲ್ಲಿ ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಜೋರಾಗಿ ಬಿಪಿ ಏರುತ್ತದೆ. ಗಾಬರಿ ಇಳಿದ ಮೇಲೆ ಅದೂ ಇಳಿಯುತ್ತದೆ. ವೈದ್ಯರೆದುರು ಮಾತ್ರ ಹೀಗಾದರೆ ಅದಕ್ಕೆ ‘ವೈಟ್ ಕೋಟ್’ ಬಿಪಿ ಎನ್ನುತ್ತಾರೆ. ಇಂಥವರಿಗೆ ಮುಂದೆ ಕಾಯಂ ಬಿಪಿ ಅಂಟಿಕೊಳ್ಳುವ ಸಂಭವ ಉಳಿದವರಿಗಿಂತ ಹೆಚ್ಚು.

ಮೊದಲು ಮನೆಯ ಅಳತೆ ಸರಿಯಿದೆಯೇ ನೋಡಿ. ಅಳೆಯುವ ಅರ್ಧ ಗಂಟೆ ಮುಂಚೆಯಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿಬನ್ನಿ, ತುಂಬಿದ ಮೂತ್ರಕೋಶವೂ ಬಿಪಿ ಏರಿಸುತ್ತದೆ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಕಾಲ ಮೇಲೆ ಕಾಲು ಬೇಡ. ಪಟ್ಟಿ ಬರಿಯ ತೋಳಿಗೇ ಸುತ್ತಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳೇ ಏರುತ್ತದೆ. ಹೆಚ್ಚು ಜನ ಎಡವುವುದು ಇಲ್ಲೇ. ಬೆಳಿಗ್ಗೆ, ಸಂಜೆ ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ, 7 ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕೂ ಮೇಲಿದ್ದರೆ ಟೆನ್ಷನ್ ಮೇಲೆ ಹಾಕದೆ ವೈದ್ಯರಿಗೆ ತೋರಿಸಿ. ಕಡಿಮೆಯಿದ್ದರೂ ಆ ಚೀಟಿ ಅವರ ಕಣ್ಣಿಗೆ ಬೀಳಲಿ.

ಪ್ರಶ್ನೆ: ಒತ್ತಡ ಕಡಿಮೆಯಾಗಲೆಂದು ದೀರ್ಘವಾಗಿ ಉಸಿರೆಳೆದರೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಏಕೆ?

ಉತ್ತರ: ನೀವು ಉಸಿರನ್ನು ನಿಧಾನ ಮಾಡುತ್ತಿಲ್ಲ, ಹೆಚ್ಚು ಮಾಡುತ್ತಿದ್ದೀರಿ. ಗಾಳಿ ಅತಿಯಾಗಿ ಆಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಆಗ ತಲೆಸುತ್ತು ಬರುತ್ತದೆ. ಅದಕ್ಕೆ ಹೆದರಿ ಇನ್ನಷ್ಟು ಜೋರಾಗಿ ಉಸಿರಾಡುತ್ತೀರಿ, ಸುತ್ತು ಮತ್ತೂ ಹೆಚ್ಚುತ್ತದೆ.

ಹೊಟ್ಟೆಯ ಮೇಲೆ ಒಂದು ಕೈ, ಎದೆಯ ಮೇಲೊಂದು ಕೈ ಇಡಿ. ಮೂಗಿನಿಂದ 4 ಸೆಕೆಂಡು ಹಗುರವಾಗಿ ಒಳಕ್ಕೆ, 6 ಸೆಕೆಂಡು ಹೊರಕ್ಕೆ. ಹೊಟ್ಟೆಯ ಕೈ ಏಳಬೇಕು, ಎದೆಯದು ಹೆಚ್ಚು ಅಲುಗಬಾರದು. ನಿಮಿಷಕ್ಕೆ 6 ಉಸಿರಾಯಿತು. 5 ನಿಮಿಷ ಸಾಕು. ಉಸಿರು ಬಿಡುವಾಗ ವೇಗಸ್ ನರ ಎದೆಬಡಿತವನ್ನು ತಗ್ಗಿಸುತ್ತದೆ, ಅದಕ್ಕೇ ಬಿಡುವ ಹೊತ್ತು ಉದ್ದ. 6 ಸೆಕೆಂಡು ಬಿಡುವುದು ಕಷ್ಟವಾದರೆ 3 ಸೆಕೆಂಡು ಒಳಕ್ಕೆ, 4 ಸೆಕೆಂಡು ಹೊರಕ್ಕೆ ಎಂದು ಶುರುಮಾಡಿ. ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡವೇ ಬೇಡ. ತೊಂದರೆ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅಪಾಯ.

ಪ್ರಶ್ನೆ: ಎದೆಯಲ್ಲಿ ಬಿಗಿತ ಬಂದಾಗ ಒತ್ತಡವೋ ಹೃದಯದ್ದೋ ಎಂದು ಮನೆಯಲ್ಲೇ ತಿಳಿಯಬಹುದೇ?

ಉತ್ತರ: ಇಲ್ಲ. ಬಿಗಿತ ಕೆಲವು ನಿಮಿಷವಾದರೂ ಇಳಿಯದಿದ್ದರೆ, ತೋಳಿಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು, ಏದುಸಿರು ಜೊತೆಗಿದ್ದರೆ ಉಸಿರಾಟದ ಅಭ್ಯಾಸಕ್ಕೆ ಕೂರಬೇಡಿ, ಆಂಬುಲೆನ್ಸ್ ಕರೆಸಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.