ಆಶ್ರಯ ಮನೆಯಿಂದ ಹೊರಡುವ ಹೆಣ್ಣುಮಕ್ಕಳಿಂದ ಒಂದರಿಂದ ಐದರ ಅಂಕ ಹಾಕಿಸಿಕೊಂಡರೆ ನಮ್ಮ ಕೆಲಸ ಹೇಗಿದೆ ಅಂತ ತಿಳಿಯುತ್ತಾ?

ತಿಳಿಯಲ್ಲ. ನಾನೂ ಹಾಕಿಸಿಕೊಂಡವಳೇ.

2018ರಲ್ಲಿ ಉತ್ತರ ಕರ್ನಾಟಕದ ಒಂದು ಸ್ವಾಧಾರ ಗೃಹದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ (ನೊಂದ ಹೆಣ್ಣುಮಕ್ಕಳಿಗಾಗಿ ಸರ್ಕಾರಿ ಯೋಜನೆಯಲ್ಲಿ ನಡೆಯುವ ಆಶ್ರಯ ಮನೆ; ಈಗ ಆ ಯೋಜನೆಯ ಹೆಸರು ಶಕ್ತಿ ಸದನ). ಗಂಡನ ಹೊಡೆತ ತಾಳಲಾರದೆ ಮಗನನ್ನು ಕಟ್ಟಿಕೊಂಡು ಬಂದ ಒಬ್ಬಾಕೆ ಐದು ತಿಂಗಳು ನಮ್ಮಲ್ಲಿದ್ದಳು. ಹೊರಡುವ ದಿನ ಫಾರಂ ಕೊಟ್ಟೆ. ಗೇಟಿನ ಹೊರಗೆ ಗಂಡ, ಪಕ್ಕದಲ್ಲೇ ವಾರ್ಡನ್. ಊಟ, ಸುರಕ್ಷತೆ, ಸಮಾಲೋಚನೆ, ಎಲ್ಲಕ್ಕೂ ಐದಕ್ಕೇ ಸುತ್ತು ಹಾಕಿ, "ಇಷ್ಟ್ ಸಾಕೇನ್ರೀ ಮೇಡಂ?" ಅಂತ ಪೆನ್ನು ವಾಪಸ್ ಕೊಟ್ಟಳು. ರಿಜಿಸ್ಟರಿನಲ್ಲಿ 'ಕುಟುಂಬದೊಂದಿಗೆ ಪುನರ್ಮಿಲನ' ಅಂತ ಬರೆದೆ. ನಮ್ಮ ಲೆಕ್ಕದಲ್ಲಿ ಅದು ಯಶಸ್ಸು.

ಎರಡೇ ತಿಂಗಳಿಗೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಅವಳು ಗಂಡನನ್ನು ನಂಬಿ ಹೋಗಿರಲಿಲ್ಲ. ಮಗನಿಗೆ ಎಂಟು ತುಂಬುತ್ತಿತ್ತು. ಎಂಟು ದಾಟಿದ ಗಂಡುಹುಡುಗರನ್ನು ತಾಯಿಯ ಜೊತೆ ಇಟ್ಟುಕೊಳ್ಳುವ ಹಾಗಿಲ್ಲ, ಬಾಲಮಂದಿರಕ್ಕೆ ಕಳಿಸಬೇಕು ಅನ್ನೋದು ಆಗಿನ ನಿಯಮ. ಅದನ್ನು ಅವಳಿಗೆ ಓದಿ ಹೇಳಿದವಳು ನಾನೇ! ಆದರೂ ಹೊರಡುವಾಗ "ಯಾಕೆ ಹೋಗ್ತಿದ್ದೀಯವ್ವಾ" ಅಂತ ಕೇಳಲಿಲ್ಲ. ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ, ನನಗೂ ಹೊಳೆಯಲಿಲ್ಲ. ಕೇಳಿದ್ದರೂ ನಮ್ಮೆದುರು ಹೇಳುತ್ತಿದ್ದಳೋ ಇಲ್ಲವೋ. ನಾಳೆ ಮತ್ತೆ ಇದೇ ಬಾಗಿಲಿಗೆ ಬರಬೇಕಾದೀತು ಅಂತ ಗೊತ್ತಿರುವವಳು ಹಾಸಿಗೆ ಕೊಟ್ಟವರಿಗೆ ಎರಡು ಅಂಕ ಹಾಕುತ್ತಾಳಾ? ಅವಳ ಐದರಲ್ಲಿ ತೃಪ್ತಿಯಿರಲಿಲ್ಲ, ಭಯವಿತ್ತು. ಅದನ್ನೇ ನಾನು ವರ್ಷದ ವರದಿಯಲ್ಲಿ ಸರಾಸರಿ ತೆಗೆದು ಕಳಿಸಿದ್ದೆ.

ಹಾಗಾಗಿ ಅಂಕ ಬಿಟ್ಟುಬಿಡಿ. ಆರು ತಿಂಗಳಾದ ಮೇಲೆ ಕೇಳಿ. ನಿಮ್ಮ ಸಿಬ್ಬಂದಿ ಬೇಡ, ಹೊರಗಿನ ಹೆಣ್ಣುಮಗಳೊಬ್ಬಳು ಕೇಳಲಿ. ಯಾವ ನಂಬರಿಗೆ, ಯಾವ ಹೊತ್ತಿಗೆ ಫೋನ್ ಮಾಡಿದರೆ ಅಪಾಯವಿಲ್ಲ ಅನ್ನೋದನ್ನು ಅವಳೇ ಮೊದಲು ಹೇಳಿರಬೇಕು. ಮಕ್ಕಳು ಜೊತೆಗಿದ್ದಾರಾ? ಆಧಾರ್, ಪಾಸ್‌ಬುಕ್ ಅವಳ ಕೈಯಲ್ಲಿವೆಯಾ? ಹೋದ ಜಾಗ ಅವಳೇ ಆರಿಸಿಕೊಂಡದ್ದಾ? ಮರಳಿ ಬಂದವರನ್ನು ದಯವಿಟ್ಟು ವೈಫಲ್ಯದ ಕಾಲಂಗೆ ಹಾಕಬೇಡಿ.

ಇನ್ನೊಂದು. ಮನೆ ಬಿಡಬೇಕಾದವಳು ಅವಳೇ ಅಂತ ನಾವೆಲ್ಲ ಒಪ್ಪಿಕೊಂಡೇ ಲೆಕ್ಕ ಶುರುಮಾಡುತ್ತೇವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಮ್ಯಾಜಿಸ್ಟ್ರೇಟರು ಹೊಡೆಯುವ ಗಂಡನನ್ನೇ ಮನೆಯಿಂದ ಹೊರಗಿರು ಅನ್ನಬಹುದು, ಇಲ್ಲವೇ ಅವಳಿಗೆ ಬೇರೆ ಮನೆಯ ಬಾಡಿಗೆ ಕಟ್ಟು ಅನ್ನಬಹುದು. ನಿಮ್ಮಲ್ಲಿ ಎಷ್ಟು ಜನರಿಗೆ ಇದನ್ನು ಹೇಳಿದ್ದೀರಿ, ಎಷ್ಟು ಅರ್ಜಿ ಹಾಕಿಸಿದ್ದೀರಿ, ಮೊದಲು ಅದನ್ನು ಎಣಿಸಿ. ಆಕೆಗೆ ಮೊದಲ ಐದು ತಿಂಗಳಲ್ಲಿ ನಾನು ಒಮ್ಮೆಯೂ ಹೇಳಿರಲಿಲ್ಲ. ಅರ್ಜಿ ಹಾಕಿಸಿದ್ದು ಕೈ ಮುರಿದ ಮೇಲೆ.