ದಾಸವಾಳದ ಮೊಗ್ಗು ಅರಳುವ ಮೊದಲೇ ಉದುರುವುದು ಯಾಕೆ?

ಗಿಡ ಹಸಿರಾಗಿಯೇ ಉಂಟು, ಮೊಗ್ಗು ಮಾತ್ರ ಹಳದಿಯಾಗಿ ಬೀಳುತ್ತದೆ ಅಂತ ಕೇಳಿದ್ದೀರಿ. ಗೊಬ್ಬರದ ಅಂಗಡಿಗೆ ಓಡುವ ಮೊದಲು ಉದುರಿದ ಒಂದು ಮೊಗ್ಗನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಹುಳ ಕಂಡರೆ ಅದು ಸೊಳ್ಳೆಯಂಥ ಒಂದು ನೊಣದ ಮರಿ. ಅದು ಮೊಗ್ಗಿನೊಳಗೇ ಬೆಳೆದು, ಮಣ್ಣಿಗಿಳಿದು, ಮತ್ತೆ ನೊಣವಾಗಿ ಮೇಲೆ ಬಂದು ಹೊಸ ಮೊಗ್ಗಿಗೆ ಮೊಟ್ಟೆ ಇಡುತ್ತದೆ, ಹಾಗಾಗಿ ಬಿದ್ದದ್ದನ್ನು ಬುಡದಲ್ಲೇ ಬಿಡಬೇಡಿ ಮಾರಾಯ್ರೆ, ದಿನಾ ಹೆಕ್ಕಿ ಬಚ್ಚಲೊಲೆಗೆ ಹಾಕಿ. ಸುಮ್ನೆ ಮೇಲಿಂದ ಔಷಧಿ ಹೊಡೆದರೆ ಒಳಗಿನ ಹುಳಕ್ಕೆ ತಾಗುವುದೇ ಕಷ್ಟ. ಮಲ್ಲಿಗೆಗೂ ಇಂಥದೇ ಕಾಟ ಉಂಟು, ಅದರ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಹುಳ ಇಲ್ವಾ? ಹಾಗಾದರೆ ನೀರು. ಉಡುಪಿಯ ಜುಲೈ ಮಳೆಗೆ ಕುಂಡದ ತೂತು ಕಟ್ಟಿಕೊಂಡರೆ ಬೇರು ಕೊಳೆಯುತ್ತದೆ, ಏಪ್ರಿಲ್‌ನಲ್ಲಿ ಎರಡು ದಿನ ನೀರು ಮರೆತರೂ ಮೊಗ್ಗು ಬೀಳುತ್ತದೆ. ತೆಂಗಿನ ನೆರಳಲ್ಲಿದ್ದರೆ ಜಾಗ ಬದಲಿಸಿ, 5-6 ಗಂಟೆ ಬಿಸಿಲು ಬೇಕೇ ಬೇಕು. ಯೂರಿಯಾ ಜಾಸ್ತಿ ಆದರೆ ಬರೀ ಎಲೆ. ಅದರ ಬದಲು ತಿಂಗಳಿಗೊಮ್ಮೆ ಒಂದು ಮುಷ್ಟಿ ಒಲೆಬೂದಿ ಹಾಕಿ.