ಟಾರ್ಪಾಲು ಹೊದ್ದ ಚರ್ಚು

ತೀರ್ಥಹಳ್ಳಿಯ ಓದುಗರೊಬ್ಬರ ಪತ್ರ ಬಂದಿದೆ. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಅಲ್ಲಿನ ಹಳ್ಳಿಯ ಹಳೇ ಚರ್ಚಿಗೆ ನೀಲಿ ಟಾರ್ಪಾಲು ಹೊದಿಸಿದ್ದನ್ನು ಕಂಡರಂತೆ. ಮಾಡಿನ ಸೀಸ ಕದ್ದೊಯ್ದಿದ್ದಾರೆ ಅಂದರಂತೆ ಊರವರು. ‘ಮಾಡಿಗೆ ಸೀಸ ಯಾಕೆ? ಕದ್ದವರಿಗೆ ಅಷ್ಟೇನು ಸಿಗುತ್ತೆ? ಮತ್ತೆ ಅದನ್ನೇ ಹಾಕೋ ಬದಲು ಯಾವುದೋ ಒಂದು ಶೀಟು ಹೊಡೆದು ಮುಗಿಸಬಾರದೇ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ನಿಮ್ಮ ಕಡೆಯ ಹಂಚಿನ ಮನೆಗಳನ್ನೇ ನೆನೆಸಿಕೊಳ್ಳಿ. ಹಂಚು ಹೊದಿಸಬೇಕಾದರೆ ಇಳಿಜಾರು ಬೇಕೇ ಬೇಕು. ಇಂಗ್ಲೆಂಡಿನಲ್ಲಿ 15ನೇ ಶತಮಾನದ ಹೊತ್ತಿಗೆ ಎಷ್ಟೋ ಚರ್ಚುಗಳಿಗೆ ಹೆಚ್ಚುಕಮ್ಮಿ ಚಪ್ಪಟೆ ಮಾಡು ಕಟ್ಟಿದರು. ಅದಕ್ಕೆ ಹಂಚು ಒಗ್ಗುವುದಿಲ್ಲ, ಸೀಸ ಒಗ್ಗುತ್ತದೆ. ಮೆತ್ತಗಿನ ಲೋಹ, ಮರದ ಕೊಡತಿಯಲ್ಲಿ ತಟ್ಟಿದರೆ ಮೂಲೆಮುಡುಕಿಗೂ ಸರಿಯಾಗಿ ಕೂರುತ್ತದೆ. ನೂರು ವರ್ಷ ಆರಾಮಾಗಿ ಬಾಳುತ್ತದೆ. ಆಮೇಲೆ ಕರಗಿಸಿ ಮತ್ತೆ ಹಾಳೆ ಎರಕ ಹೊಯ್ಯಬಹುದು. ಪ್ಲಂಬರ್ ಅನ್ನುವ ಮಾತೇ ಸೀಸದ ಲ್ಯಾಟಿನ್ ಹೆಸರಿನಿಂದ ಬಂದದ್ದು. ನಮ್ಮ ನಲ್ಲಿ ರಿಪೇರಿಯವರಿಗೆ ಹೇಳಿ ನೋಡಿ, ನಗುತ್ತಾರೆ.

ಆ ಹಾಳೆಗಳ ಮೇಲೆ ಇನ್ನೊಂದು ಸೊಗಸು ಇರುತ್ತದೆ. ಕೆಲಸಕ್ಕೆಂದು ಮೇಲೆ ಹತ್ತಿದವರು ತಮ್ಮ ಬೂಟನ್ನು ಸೀಸದ ಮೇಲಿಟ್ಟು ಸುತ್ತ ಗೀಟು ಕೊರೆಯುತ್ತಿದ್ದರು. ಒಳಗೆ ಹೆಸರಿನ ಮೊದಲಕ್ಷರ, ಇಸವಿ. ಇನ್ನೂರು ಮುನ್ನೂರು ವರ್ಷದ ಹಿಂದಿನ ಪಾದಗಳು. ಕಳ್ಳ ಹಾಳೆಯನ್ನು ಸುರುಳಿ ಸುತ್ತುವಾಗ ಅವೂ ಸುತ್ತಿಕೊಂಡು ಹೋಗುತ್ತವೆ.

ಇನ್ನು ಲೆಕ್ಕ. ಮೂರೂವರೆ ಮಿಲಿಮೀಟರ್ ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ. 2018ರಲ್ಲಿ ಬೆಡ್‌ಫರ್ಡ್‌ಶೈರಿನ ಹೌಟನ್ ಕಾಂಕ್ವೆಸ್ಟ್ ಎಂಬ ಹಳ್ಳಿಯ ಚರ್ಚಿನಿಂದ ಸುಮಾರು 20 ಟನ್ ಸೀಸ ಹೊತ್ತೊಯ್ದರು. ಆಗ ಹೊಸ ಸೀಸಕ್ಕೇ ಟನ್ನಿಗೆ ಎರಡು ಸಾವಿರ ಡಾಲರಿನ ಆಸುಪಾಸು. ಗುಜರಿಯಲ್ಲಿ ಅಷ್ಟೂ ಹುಟ್ಟುವುದಿಲ್ಲ. ರಿಪೇರಿಗೆ ಬೇಕಾದದ್ದು ಮಾತ್ರ ಸುಮಾರು 4 ಲಕ್ಷ ಪೌಂಡ್! ಕಳ್ಳನಿಗೆ ಸಿಕ್ಕಿದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಅದೂ ಭಾನುವಾರ ಬೆರಳೆಣಿಕೆಯಷ್ಟು ಮಂದಿ ಸೇರುವ ಊರುಗಳಲ್ಲಿ. ವಿಮೆ ಇದ್ದರೂ ಸೀಸದ ಕಳವಿಗೆ ಎಷ್ಟೋ ಸಲ ಮಿತಿ ಹಾಕಿರುತ್ತಾರೆ. ಚಪ್ಪಟೆ ಮಾಡು ಮೋಟುಗೋಡೆಯ ಹಿಂದೆ ಮರೆಯಾಗಿರುವುದರಿಂದ ಕಳವಾದದ್ದು ಕೆಳಗಿನವರಿಗೆ ಗೊತ್ತೇ ಆಗುವುದಿಲ್ಲ. ಮಳೆ ಬಂದು ಆರ್ಗನ್ ವಾದ್ಯದ ಮೇಲೆ ನೀರು ತೊಟ್ಟಿಕ್ಕಿದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ತೊಲೆ ನೆನೆದಿರುತ್ತದೆ, ಗಾರೆ ಉಬ್ಬಿರುತ್ತದೆ. ನಿಜವಾದ ನಷ್ಟ ಅದು.

ಇಂಥ ಕಡೆ ಕಳ್ಳನನ್ನು ಕಾಯುವುದಕ್ಕಿಂತ ಕೊಳ್ಳುವವನನ್ನು ಹಿಡಿಯುವುದು ಸುಲಭ ಅಂತ ನನ್ನ ಅನಿಸಿಕೆ. ಬ್ರಿಟನ್ನಿನವರೂ ಅದೇ ದಾರಿ ಹಿಡಿದರು. 2012ರ ಡಿಸೆಂಬರಿನಿಂದ ಇಂಗ್ಲೆಂಡ್, ವೇಲ್ಸ್‌ನ ಗುಜರಿ ಅಂಗಡಿಯಲ್ಲಿ ನಗದು ಕೊಡುವಂತಿಲ್ಲ. 2013ರ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಬೇಕು, ಮಾರುವವನ ಗುರುತು ನೋಡಬೇಕು. ಕಳ್ಳತನ ಇಳಿಯಿತು. ನಿಂತುಹೋಗಲಿಲ್ಲ. 2018ರಿಂದ 2020ರ ನಡುವೆ ಸುಮಾರು 20 ಚರ್ಚುಗಳ ಸೀಸ ಬಿಚ್ಚಿದ ನಾಲ್ವರಿಗೆ ಲಿಂಕನ್ ಕೋರ್ಟು 2021ರಲ್ಲಿ ಜೈಲು ಶಿಕ್ಷೆ ಕೊಟ್ಟಿತು. ಕೆಲವು ಚರ್ಚುಗಳು ಈಗ ಮಾಡಿನ ಮೇಲೆ ಅಲಾರಂ ಇಟ್ಟಿವೆ. ಕಣ್ಣಿಗೆ ಕಾಣದ, ನೇರಳಾತೀತ ಬೆಳಕಿನಲ್ಲಿ ಮಾತ್ರ ಹೊಳೆಯುವ ಗುರುತಿನ ದ್ರವವನ್ನೂ ಸೀಸಕ್ಕೆ ಬಳಿಯುತ್ತಾರೆ.

ಅಂದಹಾಗೆ, ಆ ದೇಶದಲ್ಲಿ ಮಾಡಿನ ಸೀಸ ಕೀಳುವ ಕಸುಬಿಗೆ ದೊಡ್ಡ ಹೆಸರು ದೊರೆ ಎಂಟನೇ ಹೆನ್ರಿಯದು. 1530ರ ದಶಕದಲ್ಲಿ ಮಠಗಳನ್ನು ಮುಚ್ಚಿಸಿ, ಮಾಡಿನ ಸೀಸ ಕೀಳಿಸಿ, ಕರಗಿಸಿ, ಗಟ್ಟಿಗಳಾಗಿ ಎರಕ ಹೊಯ್ಸಿದ. ಯಾರ್ಕ್‌ಶೈರಿನ ರೀವೋ ಮಠದಲ್ಲಿ ಕುಸಿದ ಕಲ್ಲಿನಡಿ ಅಂಥ ಕೆಲವು ಗಟ್ಟಿಗಳು 1920ರ ದಶಕದವರೆಗೂ ಹೂತೇ ಇದ್ದವು. ಆ ಸೀಸ ಕೊನೆಗೆ ಯಾರ್ಕ್ ಮಿನ್‌ಸ್ಟರ್ ಎಂಬ ದೊಡ್ಡ ಚರ್ಚಿನ ‘ಐವರು ಸೋದರಿಯರು’ ಕಿಟಕಿಯ ಗಾಜು ಜೋಡಿಸಲು ಒದಗಿತು.

ಶೀಟಿನ ಪ್ರಶ್ನೆಗೆ ಬಂದರೆ, ನೀವು ಕೇಳಿದ್ದು ಸರಿಯಾಗೇ ಇದೆ. ತವರದ ಲೇಪವಿರುವ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಸಿಗುತ್ತದೆ. ಬರಬರುತ್ತಾ ಬೂದು ಬಣ್ಣಕ್ಕೆ ತಿರುಗಿ, ದೂರದಿಂದ ಸೀಸದ ಹಾಗೇ ಕಾಣುತ್ತದೆ. ಗುಜರಿಯಲ್ಲಿ ಅದಕ್ಕೆ ಅಂಥ ಬೆಲೆಯಿಲ್ಲ. ಹಳೇ ಕಟ್ಟಡಗಳ ಉಸ್ತುವಾರಿಯ ‘ಹಿಸ್ಟಾರಿಕ್ ಇಂಗ್ಲೆಂಡ್’ ಸಂಸ್ಥೆಗೆ ಸೀಸದ ಮೇಲೇ ಒಲವು. ಆದರೂ ಕಳವಾದ ಕಡೆ ಸ್ಟೀಲಿಗೂ ಒಪ್ಪುತ್ತದೆ. ಆದರೆ ಸುಮ್ನೆ ಹೋಗಿ ಹೊಡೆಯುವ ಹಾಗಿಲ್ಲ. ಆಂಗ್ಲಿಕನ್ ಚರ್ಚಾದರೆ ಡಯಾಸಿಸ್ಸಿನ, ಅಂದರೆ ಬಿಷಪ್ಪರ ಆಡಳಿತ ಪ್ರಾಂತ್ಯದ, ಅನುಮತಿ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ನೀವು ಕಂಡ ಟಾರ್ಪಾಲು ಅಲ್ಲಿಯವರೆಗಿನ ಏರ್ಪಾಡು ಇರಬೇಕು.

ಮುಂದಿನ ಸಲ ಹೋದಾಗ ಏನು ಹೊದಿಸಿದ್ದಾರೆ ನೋಡಿ ಬರೆಯಿರಿ. ಫೋಟೋ ತೆಗೆದರೆ ಅದನ್ನೂ ಕಳಿಸಿ, ಹಾಕೋಣ.